ಚಿಕ್ಕಪ್ಪನ ಸ್ಟೀಲ್ ಗಿಟಾರ್

ಚಿಕ್ಕಪ್ಪ ತೀರಿಕೊಂಡ ಮೇಲೆ, ಅದೇ ವರ್ಷ, ಅವರ ಪೆಡಲ್ ಸ್ಟೀಲ್ ಗಿಟಾರ್ ಕಲಿಯಲು ದಿನಾ ಮಧ್ಯಾಹ್ನ ಅವರ ಮನೆಗೆ ಹೋಗುತ್ತಿದ್ದೆ. ಮೇಜಿನಂತೆ ಕಾಲುಗಳ ಮೇಲೆ ಅಡ್ಡಲಾಗಿ ನಿಲ್ಲಿಸಿದ ಆ ವಾದ್ಯದ ತಂತಿ ಮೀಟುತ್ತಾ, ಎಡಪಾದದಲ್ಲಿ ಕೆಳಗಿನ ಎರಡು ಪೆಡಲ್ ಒತ್ತಿ, ಸ್ವರ ಜಾರಿಸಲು ಅದೇ ಕಾಲಿನ ಮಂಡಿಯಿಂದ ಪಕ್ಕದ ಲಿವರ್ ತಳ್ಳಬೇಕು. ತಿಂಗಳಾದರೂ ಎರಡೂ ಕೂಡಿ ಬರಲಿಲ್ಲ.

ಒಂದು ದಿನ ತಂತಿ ಮೀಟಿ ಪೆಡಲ್ ಒತ್ತಿದೆನಷ್ಟೇ. ಮಂಡಿ ಆಡಿಸುವ ಮೊದಲೇ ಲಿವರ್ ಸರಿಯಿತು, ಸ್ವರ ಹದವಾಗಿ ಜಾರಿ ನಿಂತಿತು. ಮುಟ್ಟಿ ನೋಡಿದರೆ ಲಿವರಿನ ಕಬ್ಬಿಣ ಬೆಚ್ಚಗಿತ್ತು.

ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದರು: "ರೀ, ಸಾಕು ಬನ್ನಿ, ಊಟ ಆರಿಹೋಗುತ್ತೆ!"

"ಚಿಕ್ಕಮ್ಮಾ, ನಾನು," ಎಂದೆ.

ಬಾಗಿಲಿಗೆ ಬಂದವರು ನನ್ನನ್ನು ನೋಡಿ ಬಿಳಿಚಿಕೊಂಡರು. "ನೀನಾ? ಥೇಟ್ ಅವರು ನುಡಿಸಿದ ಹಾಗೇ ಇತ್ತಲ್ಲೋ."

ಎದ್ದು ಅವರ ಪಕ್ಕ ನಿಂತು ತಿರುಗಿ ನೋಡಿದೆ. ನಾನು ಬಿಟ್ಟುಬಂದ ಕುರ್ಚಿಯ ಮುಂದೆ ಕಾಲು ತೆಗೆದೊಡನೆ ತಾವಾಗಿ ಮೇಲೇಳಬೇಕಾದ ಆ ಎರಡೂ ಪೆಡಲ್‌ಗಳು ಇನ್ನೂ ಅದುಮಿದಂತೆ ಕೆಳಗೇ ಇದ್ದವು.