ಚಕ್ಕೋತ ಬೇಡವೆಂದವನು

ಗಾರ್ಗಿ ಜೀವನದಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸಿಗಾಗಿ ಚಕ್ಕೋತ ಬಿಡಿಸಿದ್ದಳು. ದಪ್ಪ ಸಿಪ್ಪೆ ಸುಲಿದು, ತೊಳೆಗಳ ಬಿಳಿ ಪೊರೆ ತೆಗೆದು, ಉಪ್ಪು ಖಾರದ ಪುಡಿ ಉದುರಿಸಿ, ಸ್ಟೀಲ್ ಡಬ್ಬಿ ಮುಂದೆ ಹಿಡಿದಳು. ಮಹೇಂದ್ರ ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ, ಹಾವು ಕಂಡವನಂತೆ ಅರ್ಧ ಹೆಜ್ಜೆ ಹಿಂದೆ ಸರಿದ.

"ಬೇಡ ಬುಡಿ, ಗಾರ್ಗಿಯವರೇ."

"ಒಂದೇ ಒಂದು ತೊಳೆ. ರಕ್ತ ಕೊಟ್ಟಿದೀರಾ."

"ಐದು ಎಂಎಲ್ ಕಣ್ರೀ. ಸೊಳ್ಳೆಗಳು ಇದಕ್ಕಿಂತ ಜಾಸ್ತಿ ಕುಡಿದಿವೆ, ಒಂದೂ ಹಣ್ಣು ಕೊಟ್ಟಿಲ್ಲ."

ನಕ್ಕು, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಹೊರಟುಹೋದ. ಲ್ಯಾಬಿನ ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ. ಡಬ್ಬಿಯನ್ನೋ ತನ್ನನ್ನೋ ಎಂಬುದನ್ನು ಗಾರ್ಗಿ ದಿನವಿಡೀ ಯೋಚಿಸಿದಳು.

ಅವನು ಮಂಡಕಳ್ಳಿ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುವುದಕ್ಕೆ ಸಂಬಳ. ಶ್ರೀರಾಂಪುರದಲ್ಲಿ, ಗಾರ್ಗಿಯ ಲ್ಯಾಬಿನ ಗೆಳತಿ ವರ್ಷಿಣಿಯ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದ. ಅಲ್ಲೇ ಪರಿಚಯ. ಅಂದಿನಿಂದ ದಿನಾ ಬೆಳಿಗ್ಗೆ ಗಾರ್ಗಿಗೆ ಮೆಸೇಜು: "ಇವತ್ತು ಛತ್ರಿ ಬೇಕು." "ಇವತ್ತು ಬೇಡ." ಅವಳು "ಥ್ಯಾಂಕ್ಸ್" ಎಂದು ಕಳಿಸುತ್ತಿದ್ದಳು. ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಉದ್ದದ ಉತ್ತರ ಬರೆಯಲು ಪುರಾವೆ ಸಾಲದು.

"ಅವನಿಗೆ ಯಾರೋ ಇದಾಳೆ ಕಣೇ," ಎಂದಳು ವರ್ಷಿಣಿ, ಅನಾಥವಾಗಿದ್ದ ಚಕ್ಕೋತ ತಿನ್ನುತ್ತಾ. "ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಫೋನ್ ಬಡ್ಕೊಳುತ್ತೆ. ಮಾತು ಅರ್ಧಕ್ಕೇ ಬಿಟ್ಟು ರೂಮಿಗೆ ಓಡ್ತಾನೆ."

"ಅಷ್ಟು ಟೈಮ್ ಸರಿಯಾಗಿ ಮಾಡೋದು ಹುಡುಗಿಯಲ್ಲ, ಬ್ಯಾಂಕು."

ಹಾಗೆಂದಳೇ ಹೊರತು ಅವಳಿಗೂ ಸಮಾಧಾನವಿರಲಿಲ್ಲ.

ಗಾರ್ಗಿಯ ಕೆಲಸ ಇಷ್ಟು. ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಗಾರರಿದ್ದಾರೆ. ಒಬ್ಬರ ಕಿಡ್ನಿಯನ್ನು ಇನ್ನೊಬ್ಬರಿಗೆ ಹಾಕಿದರೆ, ಯಾವನೋ ಅಪರಿಚಿತ ನುಗ್ಗಿದ್ದಾನೆಂದು ಅವರು ಮೇಲೆ ಬೀಳುತ್ತಾರೆ. ಅವರನ್ನು ತಡೆಯಲು ಟ್ಯಾಕ್ರೊಲಿಮಸ್ ಎಂಬ ಔಷಧಿ. ಆರೋಗ್ಯವಂತರ ರಕ್ತವನ್ನು ಎರಡು ಟ್ಯೂಬಿಗೆ ಹಾಕಿ, ಒಂದಕ್ಕೆ ಮಾತ್ರ ಔಷಧಿ ಬೆರೆಸಿ, ಎರಡರಲ್ಲೂ ಕಾವಲುಗಾರರನ್ನು ಕೆಣಕುವುದು. ಎಚ್ಚೆತ್ತವರು ಮೈಮೇಲೆ ಒಂದು ಪುಟ್ಟ ಬಾವುಟ ಏರಿಸುತ್ತಾರೆ. ಯಂತ್ರ ಬಾವುಟಗಳನ್ನು ಎಣಿಸುತ್ತದೆ.

ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಏಳನೆಯ ನಂಬರು ಯಾರದೆಂದು ಲ್ಯಾಬಿನ ಫ್ರಿಜ್ಜಿಗೂ ಗೊತ್ತಿತ್ತು. ಆ ಏಳರ ಎರಡೂ ಟ್ಯೂಬು ತೆಪ್ಪಗೆ ಮಲಗಿದ್ದವು. ಔಷಧಿ ಹಾಕದಿದ್ದುದೂ.

"ಎರಡಕ್ಕೂ ಔಷಧಿ ಹಾಕ್ಬಿಟ್ಟಿದೀಯ ಕಣಮ್ಮ," ಎಂದರು ಗೈಡ್ ಚಂದ್ರಮತಿ ಮೇಡಂ.

"ಇಲ್ಲ ಮೇಡಂ."

"ಹಾಗಾದ್ರೆ ಟಿ ಕೋಶಕ್ಕೆ ಬೇಜಾರಾಗಿತ್ತಾ? ಅವರನ್ನೇ ಇನ್ನೊಂದ್ಸಲ ಕರೆಸು. ಆಗ್ಲೂ ಹೀಗೇ ಬಂದ್ರೆ, ನಿನ್ನ ಇಲ್ಲಿವರೆಗಿನ ಲೆಕ್ಕ ಯಾವುದನ್ನೂ ನಾನು ನಂಬಲ್ಲ. ಎಲ್ಲಾ ಮೊದಲಿಂದ ಮಾಡ್ಬೇಕು."

ಎರಡನೆಯ ಸಲವೂ ಹಾಗೇ ಬಂತು.

ಅಂದು ಗಾರ್ಗಿ ಬೇಸರದಲ್ಲಿ ಮತ್ತೊಂದು ಚಕ್ಕೋತ ಸುಲಿಯುತ್ತಾ ಕೂತಿದ್ದಳು. ಒಂದು ತೊಳೆ ಬಾಯಿಯ ಹತ್ತಿರ ಬಂದು ನಿಂತಿತು. ಆ ಔಷಧಿ ತೆಗೆದುಕೊಳ್ಳುವವರು ಚಕ್ಕೋತ ಮುಟ್ಟಬಾರದು; ರಕ್ತದಲ್ಲಿ ಔಷಧಿಯ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಎಂದೋ ಓದಿ ಮರೆತ ಸಾಲು. ಅವಳು ಬಲ್ಲದ್ದು ಔಷಧಿಯನ್ನು, ಅದನ್ನು ನುಂಗುವವರನ್ನಲ್ಲ.

ಬೆಳಿಗ್ಗೆ ಎಂಟು, ಸಂಜೆ ಎಂಟು. ಹನ್ನೆರಡು ಗಂಟೆಗೊಂದು ಮಾತ್ರೆ. ಏಳರ ರಕ್ತಕ್ಕೆ ಔಷಧಿ ಟ್ಯೂಬಿಗೆ ಬರುವ ಮೊದಲೇ ಬಿದ್ದಿತ್ತು.

"ಹುಡುಗಿಯಲ್ಲ," ಎಂದಳು ಗಾರ್ಗಿ ಖಾಲಿ ಲ್ಯಾಬಿಗೆ. ಮೊದಲು ಸಂತೋಷವಾಯಿತು, ಹಿಂದೆಯೇ ನಾಚಿಕೆ, ಅದರ ಹಿಂದೆ ಕೋಪ.

ಮಂಡಕಳ್ಳಿಯ ರಸ್ತೆಬದಿಯ ಟೀ ಅಂಗಡಿಯಲ್ಲಿ, ಅವನ ಡ್ಯೂಟಿ ಮುಗಿಯುವ ಹೊತ್ತಿಗೆ ಹೋಗಿ ಎದುರು ಕೂತಳು.

"ಟ್ಯಾಕ್ರೊಲಿಮಸ್ಸಾ?"

ಅವನ ಕೈಯಲ್ಲಿದ್ದ ಲೋಟ ಮೇಜಿಗೆ ಇಳಿಯಿತು. "ಹೂಂ."

"ಕಿಡ್ನಿ ಯಾರದು?"

"ಅವ್ವಂದು. ದೇವಿರಮ್ಮ ಅಂತ. ಈಗ್ಲೂ ಫೋನ್ ಮಾಡಿದ್ರೆ ಮೊದಲು 'ಅದು ಎಂಗೈತೆ' ಅಂತಾಳೆ, ಆಮೇಲೆ 'ನೀನು ಎಂಗಿದ್ದೀಯ' ಅಂತಾಳೆ."

ಗಾರ್ಗಿಗೆ ನಗು ಬಂತು. ಬರಬಾರದಿತ್ತೆಂದು ತುಟಿ ಕಚ್ಚಿದಳು. ಅವನು ಅದನ್ನು ನೋಡಿಬಿಟ್ಟ.

"ಆರೋಗ್ಯವಾಗಿದೀನಿ ಅಂತ ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಎದ್ದು ಹೋಗ್ತಾರೆ ಕಣ್ರೀ. ನನ್ನ ನೋಡೋಕೆ ಹುಡುಗಿ ಕಡೆಯವರು ಎರಡು ಸಲ ಬಂದಿದ್ರು. ಒಬ್ಬರು ತಕ್ಷಣ ಎದ್ರು. ಇನ್ನೊಬ್ಬರು ಕಾಫಿ ಪೂರ್ತಿ ಕುಡಿದು ಎದ್ರು, ಒಳ್ಳೆಯವರು." ಲೋಟವನ್ನು ಅತ್ತಿತ್ತ ತಿರುಗಿಸಿದ. "ನೀವು ಆರೋಗ್ಯವಂತರು ಬೇಕು ಅಂತ ಕೇಳಿದ್ರಿ. ಬೇರೆ ಏನನ್ನೂ ನೀವು ನನ್ನ ಹತ್ರ ಕೇಳಿರ್ಲಿಲ್ಲ. ಒಂದಿನ ನಿಮ್ಮ ಕಣ್ಣಿಗೆ ಆರೋಗ್ಯವಂತ ಆಗಿರೋಣ ಅನ್ನಿಸ್ತು."

"ಅದರಿಂದ ಮೇಡಂ ನನ್ನ ಕೈಯನ್ನೇ ನಂಬ್ತಿಲ್ಲ. ಇಷ್ಟು ದಿನದ ಕೆಲಸ ಎಲ್ಲಾ ಹೋಗುತ್ತೆ."

ಅವನು ಲೋಟವನ್ನು ದೂರ ಸರಿಸಿದ. ಈ ಲೆಕ್ಕ ಅವನು ಹಾಕಿರಲಿಲ್ಲ.

"ನಾನೇ ಬಂದು ಹೇಳ್ತೀನಿ."

"ವರ್ಷಿಣಿಗೂ ಗೊತ್ತಾಗುತ್ತೆ. ಅಂದ್ರೆ ಇಡೀ ಶ್ರೀರಾಂಪುರಕ್ಕೆ."

"ಗೊತ್ತಾಗ್ಲಿ ಬುಡಿ."

ಮರುದಿನ ಸಂಜೆ, ಡ್ಯೂಟಿ ಮುಗಿಸಿ ಬಂದು, ಚಂದ್ರಮತಿ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಬಾಗಿಲ ಬಳಿ ವರ್ಷಿಣಿ ಬಾಯಿ ತೆರೆದು ನಿಂತಿದ್ದಳು. ಮೇಡಂ ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಎರಡೂ ಸ್ಯಾಂಪಲ್ ಕಸಕ್ಕೆ. ನಾನು ಈ ಹುಡುಗಿಗೆ ಬೈದಿದ್ದೂ ಕಸಕ್ಕೆ. ಇನ್ಮೇಲೆ ಡಾಕ್ಟರ್ ಹತ್ರ, ವಿಜ್ಞಾನಿಗಳ ಹತ್ರ ಸುಳ್ಳು ಹೇಳ್ಬೇಡಿ." ಬ್ಯಾಗು ಎತ್ತಿಕೊಂಡು, ವರ್ಷಿಣಿಯ ತೋಳನ್ನೂ ಹಿಡಿದುಕೊಂಡರು. "ನಡಿಯಮ್ಮ, ನಿನ್ನನ್ನ ಬಸ್ ಸ್ಟಾಪಿಗೆ ಬಿಡ್ತೀನಿ."

"ನನ್ನ ಸ್ಕೂಟರ್ ಇದೆ ಮೇಡಂ."

"ಇರಲಿ, ನಡಿ."

ಇಬ್ಬರೇ ಉಳಿದರು. ಮಹೇಂದ್ರ ಕಂಪ್ಯೂಟರಿನ ಕಡೆ ನೋಡಿದ. "ಕಸಕ್ಕೆ ಹಾಕೋ ಮುಂಚೆ ಒಂದ್ಸಲ ತೋರಿಸ್ತೀರಾ?"

ಪರದೆಯ ಮೇಲೆ ನೀಲಿ ಚುಕ್ಕೆಗಳ ಮೋಡ, ಒಂದೊಂದು ಚುಕ್ಕೆ ಒಂದೊಂದು ಕೋಶ. ಅವನು ಬಗ್ಗಿ, ತನ್ನ ಕೆಲಸದ ಮೋಡ ನೋಡುವಷ್ಟೇ ಶ್ರದ್ಧೆಯಿಂದ ನೋಡಿದ. ಅವನ ಭುಜ ಅವಳ ಭುಜದಿಂದ ಒಂದು ಬೆರಳಿನಷ್ಟು ದೂರವಿತ್ತು. ಆ ಬೆರಳಿನಷ್ಟು ಜಾಗ ಬೆಚ್ಚಗಿತ್ತು.

"ಇವೆಲ್ಲ ನಾನಾ? ನಿದ್ದೆ ಮಾಡ್ತಿದಾವಾ?"

"ನಿದ್ದೆ ಅಲ್ಲ. ಯಾರೋ ಕದ ತಟ್ಟಿದ್ದು ಕೋಶಕ್ಕೆ ಕೇಳುತ್ತೆ. ಆದ್ರೆ ಆ ಸುದ್ದಿ ಒಳಮನೆಗೆ ಹೋಗ್ದೆ ಇರೋ ಹಾಗೆ ಔಷಧಿ ನಡುವೆ ತಡೆಯುತ್ತೆ. ಅದಕ್ಕೇ ಸುಮ್ನೆ ಕೂತಿರ್ತಾವೆ."

ಅವನು ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ನಂದು ಸರಿ, ಮಾತ್ರೆ ನುಂಗ್ತೀನಿ. ನಾನು ಮುಂಗಾರಿಂದ ಛತ್ರಿ ಛತ್ರಿ ಅಂತ ತಟ್ತಾನೇ ಇದೀನಿ. ನೀವು ಯಾವ ಮಾತ್ರೆ ತಗೋತಿದೀರಿ?"

ಗಾರ್ಗಿ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎಂಟು ಗಂಟೆ.

ಈ ಸಲ ಅವನು ಓಡಲಿಲ್ಲ. ಗಾರ್ಗಿ ತನ್ನ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದಳು.

"ಕುದಿಸಿ ಆರಿಸಿದ್ದು. ಮೊದಲು ನುಂಗಿ."

ಅವನು ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಮಾತ್ರೆ ತೆಗೆದು ನುಂಗಿದ. ಅವಳು ಬ್ಯಾಗಿನಿಂದ ಒಂದು ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ತಿನ್ನಬಹುದು. ಓದಿಕೊಂಡೇ ಬಂದಿದೀನಿ."

"ಈಗಲ್ಲ. ಮಾತ್ರೆ ಆದ್ಮೇಲೆ ಒಂದು ಗಂಟೆ ಏನೂ ತಿನ್ನೋ ಹಾಗಿಲ್ಲ."

"ಗೊತ್ತು," ಎಂದಳು ಗಾರ್ಗಿ. ತನ್ನ ಸ್ಟೂಲನ್ನು ಅವನ ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಅದನ್ನೂ ಓದಿದೀನಿ."