ನನ್ನದಲ್ಲ ಎಂದವಳು

ಪೆಟ್ಟಿಗೆಯಿಂದ ಮೊದಲು ಹೊರಗೆ ಬಂದದ್ದು ಒಂದು ದವಡೆ.

ಗಡಿ ಠಾಣೆಯ ಅಧಿಕಾರಿಣಿ ಅದನ್ನು ಕೈಗವಸಿನ ಬೆರಳುಗಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಹೊದಿಕೆಯ ಮಡಿಕೆ ಬಿಚ್ಚಿದಾಗ ಇನ್ನೊಂದು ಸಿಕ್ಕಿತು. ಅದರ ಕೆಳಗೆ ಮತ್ತೊಂದು. ನೋಡನೋಡುತ್ತಿದ್ದಂತೆ ಏಳು ಪ್ಲಾಸ್ಟರ್ ದವಡೆಗಳು ಮೇಜಿನ ಮೇಲೆ ಹಲ್ಲು ಕಿರಿಯುತ್ತಾ ಸಾಲಾಗಿ ಕುಳಿತವು.

ಅದೇ ಬಸ್ಸಿನಿಂದ ಇಳಿದು ಹಿಂದೆ ಸಾಲು ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪೆಟ್ಟಿಗೆ ತಂದವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎಲ್ಲಿ ನೋಡಬೇಕೆಂದು ತಿಳಿಯದೆ ತಲೆ ಎತ್ತಿದಳು... ಗಾಜಿನ ಗೋಡೆಯ ಆಚೆ ಅವನು ನಿಂತಿದ್ದ. ಅವಳ ಗಂಡ! ಹತ್ತೊಂಬತ್ತು ತಿಂಗಳಿಂದ ಫೋನಿನ ಪರದೆಯಲ್ಲಷ್ಟೇ ಕಂಡಿದ್ದ ಮುಖ.

ಅವನು ಅವಳನ್ನು ನೋಡಿದ. ಮೇಜಿನ ಮೇಲಿದ್ದುದನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

'ನನ್ನಿಂದ ಅವರಿಗೆ ಅವಮಾನ ಆಯ್ತು...' ಎಂದುಕೊಂಡಳು. ಕಿವಿಯೆಲ್ಲ ಬಿಸಿಯಾಯಿತು.

ಅವಳು ಹಲ್ಲು ಮಾಡುವವಳು. ದಂತವೈದ್ಯರೊಬ್ಬರ ಆಸ್ಪತ್ರೆಯ ಹಿಂದಿನ ಕಿರುಕೋಣೆಯಲ್ಲಿ ಕುಳಿತು ಒಂಬತ್ತು ವರ್ಷ ಮೇಣ ಕರಗಿಸಿ, ಪ್ಲಾಸ್ಟರ್ ಕಲಸಿ, ಬಾಯಿ ಬೋಳಾದವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು. ಎಷ್ಟು ತೊಳೆದರೂ ಕೂದಲಲ್ಲಿ ಬಿಳಿ ಪುಡಿ ಉಳಿದೇ ಇರುತ್ತಿತ್ತು. ತಂಗಿಯರು ಅವಳನ್ನು 'ಹಲ್ಲಕ್ಕ' ಎಂದು ಕರೆದು ಗೋಳು ಹೊಯ್ದುಕೊಳ್ಳುತ್ತಿದ್ದರು.

ಅವನು ಲಿಫ್ಟ್ ರಿಪೇರಿ ಮಾಡುವವನು. ಅಂಥವನು ಮೆಟ್ಟಿಲ ಮೇಲೆ ಜಾರಿ ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡು ಬಂದಾಗ ವೈದ್ಯರಿಗೇ ನಗು ತಡೆಯಲಾಗಿರಲಿಲ್ಲ. ಹೊಸ ಹಲ್ಲಿನ ಬಣ್ಣ ಉಳಿದ ಹಲ್ಲುಗಳಿಗೆ ಕೂಡಬೇಕಲ್ಲ, ಅದನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಅವಳು ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ನೋಡಿದಳು. ಒಂದು ಸಲಕ್ಕೆ ಮುಗಿಯುವ ಕೆಲಸ. ಅವನು ನಾಲ್ಕು ಸಲ ಬಂದ, ಬಣ್ಣ ಯಾಕೋ ಸರಿ ಕೂಡಿಲ್ಲ ಎಂದು! ಮೂರನೆಯ ಸಲಕ್ಕೆ ಆಸ್ಪತ್ರೆಯವರಿಗೆಲ್ಲ ವಿಷಯ ಅರ್ಥವಾಯಿತು. ಅವಳಿಗೆ ಮೊದಲನೆಯ ಸಲವೇ ಅರ್ಥವಾಗಿತ್ತು.

ಮದುವೆಯಾಗಿ ನಲವತ್ತು ದಿನ ಜೊತೆಗಿದ್ದು ಅವನು ಈ ದೇಶಕ್ಕೆ ಕೆಲಸಕ್ಕೆ ಬಂದ. ಅವಳನ್ನು ಕರೆಸಿಕೊಳ್ಳುವ ಕಾಗದಪತ್ರ ಮುಗಿಯುವಷ್ಟರಲ್ಲಿ ಇಷ್ಟು ತಿಂಗಳಾಯಿತು. ಕೊನೆಯ ಎರಡು ವಾರ ದಿನಾ ಸಂಜೆ ಫೋನಿನಲ್ಲಿ ಪಾಠವೇ ನಡೆಯಿತು. ಗಡಿಯಲ್ಲಿ ಏನೇನು ಕೇಳುತ್ತಾರೆ, ಯಾವ ಕಾಗದ ಕೈಯಲ್ಲಿರಬೇಕು, ಉಳಿಯುವ ಮನೆಯ ವಿಳಾಸ ಹೇಗೆ ಹೇಳಬೇಕು ಎಂದು ಅವನು ಹೇಳಿಕೊಟ್ಟ, ಅವಳು ಬಾಯಿಪಾಠ ಮಾಡಿದಳು. ಅದರಲ್ಲಿ ಎರಡು ಉತ್ತರ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಏನು ಕೆಲಸ ಎಂದರೆ ಗೃಹಿಣಿ ಅನ್ನಬೇಕು. ಪರಿಚಯ ಹೇಗೆ ಎಂದರೆ ನೆಂಟರ ಮದುವೆಯಲ್ಲಿ ಹಿರಿಯರು ನೋಡಿ ಗೊತ್ತುಮಾಡಿದ್ದು ಅನ್ನಬೇಕು.

ಯಾಕೆ ಎಂದು ಕೇಳಿದ್ದಕ್ಕೆ, ಅಲ್ಲಿ ಹಾಗೇ ಹೇಳಬೇಕು ಎಂದಷ್ಟೇ ಅಂದಿದ್ದ. ಹಲ್ಲಿನ ಸಾಮಾನೇನೂ ತರಬೇಡ ಎಂದೂ ಹೇಳಿದ್ದ.

ಅವಳು ಹೂಂ ಅಂದು, ಅವನಿಗೆ ತಿಳಿಯದಂತೆ ತಾನೇ ಮಾಡಿದ ಏಳು ದವಡೆ ಅಚ್ಚುಗಳನ್ನು ತಂದಿದ್ದಳು. ಕೆಲಸ ಕೇಳಲು ಹೋದರೆ ಕೈಚಳಕ ತೋರಿಸಲು ಏನಾದರೂ ಬೇಡವೇ?

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ. ಅಧಿಕಾರಿಣಿಯ ಪಕ್ಕದಲ್ಲಿ ದುಭಾಷಿ, ತಲೆ ಪೂರ್ತಿ ನರೆತ ಹೆಂಗಸು. ಅವರ ಬಾಯಲ್ಲಿ ತನ್ನ ಭಾಷೆ ಕೇಳಿದ್ದೇ ಅವಳಿಗೆ ಅಳು ಬರುವಂತಾಯಿತು. ದವಡೆಗಳು ಅವಳಿಗಿಂತ ಮುಂಚೆಯೇ ಬಂದು ಮೇಜಿನ ಮೇಲೆ ಕುಳಿತಿದ್ದವು.

ಇವು ಯಾರದ್ದು ಎಂಬುದೇ ಮೊದಲ ಪ್ರಶ್ನೆ. ಬಾಯಿಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ! ಅವಳ ಕಣ್ಣ ಮುಂದೆ ಗಂಡನ ತಗ್ಗಿದ ತಲೆ ಬಂತು. ಹೇಗಾದರೂ ಅವನ ಮಾನ ಉಳಿಸಬೇಕು...

"ನನ್ನದಲ್ಲ," ಎಂದಳು. "ಯಾರೋ ಕೊಟ್ಟು ಕಳಿಸಿದ್ದು."

ದುಭಾಷಿ ತಕ್ಷಣ ಅನುವಾದಿಸಲಿಲ್ಲ. ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದರು. "ಇದನ್ನ ಹೀಗೇ ಹೇಳಲೇನಮ್ಮಾ?"

ಅವಳು ತಲೆಯಾಡಿಸಿದಳು. ಬೇರೆಯವರ ಸಾಮಾನು ಹೊತ್ತು ಗಡಿ ದಾಟುವುದಕ್ಕಿಂತ ದೊಡ್ಡ ಅನುಮಾನ ಅಲ್ಲಿ ಇನ್ನೊಂದಿಲ್ಲ ಎಂದು ಪಾಪ, ಅವಳಿಗೆ ಹೇಳಿದವರು ಯಾರು! ಅಧಿಕಾರಿಣಿಯ ಪೆನ್ನು ನಿಂತಿತು. ಕೊಟ್ಟವರು ಯಾರು, ಯಾರಿಗೆ ತಲುಪಿಸಬೇಕು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಅವಳು ತುಟಿ ಬಿಚ್ಚಲಿಲ್ಲ. ಕೆಲಸ ಏನೆಂದಾಗ ಗೃಹಿಣಿ ಎಂದಳು. ಪರಿಚಯ ಹೇಗೆಂದಾಗ ನೆಂಟರ ಮದುವೆ ಎಂದಳು. ಒಂಬತ್ತು ವರ್ಷದ ಕೆಲಸ ಎದುರಿಗೇ ಕುಳಿತಿತ್ತು. ಅದರ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಅಧಿಕಾರಿಣಿ ಎದ್ದು, ಗಂಡನನ್ನು ವಿಚಾರಿಸಲು ಪಕ್ಕದ ಕೋಣೆಗೆ ಹೋದಳು. ಹಿಂದಿರುಗುವಾಗ ಅವನನ್ನೂ ಕರೆತಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು, ಬಾಯಿ ಬಿಡಬಾರದೆಂದು ತಾಕೀತು ಮಾಡಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ! ಅವಳು ಕಣ್ಣೆತ್ತಲಿಲ್ಲ.

ದುಭಾಷಿ ಮೆಲ್ಲಗೆ ಹೇಳಿದರು. "ನೋಡು ತಾಯಿ, ನಿನ್ನ ಗಂಡ ಬೇರೆಯೇ ಹೇಳಿದ್ದಾರೆ. ನೀನು ಹಲ್ಲು ಮಾಡೋಳು, ಆ ಕೋಣೆಯಲ್ಲೇ ನಿನ್ನ ಮೊದಲು ನೋಡಿದ್ದು ಅಂತ. ಇಬ್ಬರಲ್ಲಿ ಒಬ್ಬರದು ಸುಳ್ಳು. ಮದುವೆಯೇ ಸುಳ್ಳು ಅಂತ ಇವರು ಬರೆದರೆ, ನಾಲ್ಕು ಗಂಟೆ ಬಸ್ಸಿಗೆ ನಿನ್ನ ವಾಪಸ್ ಹತ್ತಿಸ್ತಾರೆ. ಇನ್ನೊಂದೇ ಸಲ ಕೇಳ್ತಾರಂತೆ."

ಅವನು ನಿಜ ಹೇಳಿಬಿಟ್ಟಿದ್ದ. ಹೇಳಬೇಡ ಎಂದಿದ್ದ ಅವನೇ!

ಅವಳು ಸಾಲಿನಲ್ಲಿ ಮೂರನೆಯ ದವಡೆಯನ್ನು ಎತ್ತಿಕೊಂಡಳು.

"ಎಲ್ಲಾ ನಂದೇ. ನಾನೇ ಮಾಡಿದ್ದು. ಸುಳ್ಳು ಹೇಳಿದೆ," ಎಂದಳು. "ಇದು... ಇದು ಇವರದು. ಮುಂದೆ ಎರಡು ಹಲ್ಲು ಇಲ್ಲ, ನೋಡಿ. ಆ ಎರಡನ್ನೂ ನಾನೇ ಮಾಡಿಕೊಟ್ಟೆ."

ಅಧಿಕಾರಿಣಿ ಅಚ್ಚನ್ನು ನೋಡಿದಳು, ಅವನ ಮುಖ ನೋಡಿದಳು. ಏನೂ ಕೇಳಲಿಲ್ಲ. ಕೇಳುವುದಕ್ಕೆ ಅವಳಿಗೂ ಮುಜುಗರವಾಯಿತೋ ಏನೋ.

ಈ ದೇಶದಲ್ಲಿ ಒಬ್ಬರಿಗೂ ತನ್ನ ಹಲ್ಲಿನ ಗುಟ್ಟು ಬಿಟ್ಟುಕೊಡದವನು ಅವನು. ಒಂದೇ ಮನೆಯಲ್ಲಿರುವ ಜೊತೆಗಾರರಿಗೂ ತಿಳಿಯದಂತೆ ಬಾಗಿಲು ಹಾಕಿಕೊಂಡು ಹಲ್ಲು ತೊಳೆಯುವವನು. ಅಂಥವನು ಮೂವರು ಹೆಂಗಸರ ಎದುರಿಗೆ ಬಾಯಿಗೆ ಬೆರಳು ಹಾಕಿ, ಎರಡು ಹಲ್ಲು ಕೂರಿಸಿದ, ಅಂಗುಳಿಗೆ ಅಂಟುವ ಗುಲಾಬಿ ತಟ್ಟೆಯನ್ನು ಕಳಚಿ, ಕರ್ಚೀಫಿನಲ್ಲಿ ಒರೆಸಿ, ಅವಳ ಕೈಯಲ್ಲಿದ್ದ ದವಡೆಗೆ ಕೂರಿಸಿದ.

ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಅವನ ಮುಖ ಕೆಂಪಾಗಿತ್ತು. ತುಟಿ ಒಳಕ್ಕೆ ಸೇರಿ ಹತ್ತು ವರ್ಷ ಹೆಚ್ಚಾದವನಂತೆ ಕಾಣುತ್ತಿದ್ದ. ಅಧಿಕಾರಿಣಿ ಮೊದಲು ಬರೆದಿದ್ದ ಹಾಳೆಗೆ ಗೀಟು ಹಾಕಿ, ಹೊಸ ಹಾಳೆ ತೆಗೆದು ಮೊದಲಿನಿಂದ ಕೇಳತೊಡಗಿದಳು. ಈ ಸಲ ಪ್ರತಿ ಪ್ರಶ್ನೆಗೂ ಉತ್ತರ ಸಲೀಸಾಗಿ ಬಂತು. ಮುಕ್ಕಾಲು ಗಂಟೆಯಲ್ಲಿ ಮುದ್ರೆ ಬಿತ್ತು.

ಹೊರಗೆ ಬಸ್ಸಿಗೆ ಕಾಯುವ ಬೆಂಚಿನ ಮೇಲೆ ಇಬ್ಬರೂ ಕುಳಿತರು. ನಡುವೆ ಪೆಟ್ಟಿಗೆ.

"ನನ್ನ ಕೆಲಸ ನಿಮಗೆ ನಾಚಿಕೆ ಅಂದುಕೊಂಡೆ," ಅವಳೇ ಶುರು ಮಾಡಿದಳು. "ತಲೆ ತಗ್ಗಿಸಿದ್ರಲ್ಲ..."

ಹೆಂಡತಿಗೆ ಕೆಲಸ ಗೊತ್ತು ಅಂದರೆ ಸಂಸಾರಕ್ಕಲ್ಲ, ದುಡಿಯೋಕೆ ಬಂದಳು ಅಂತ ವಾಪಸ್ ಕಳಿಸುತ್ತಾರೆ ಎಂದು ಜೊತೆಗಾರರು ಅವನನ್ನು ಹೆದರಿಸಿದ್ದರಂತೆ.

"ಅದು ಅರ್ಧ ನಿಜ," ಎಂದ ಮತ್ತೆ. "ಹೆಂಡತಿ ದುಡೀತಾಳೆ ಅಂದ್ರೆ ನನ್ನ ಕೈಲಾಗಲ್ಲ ಅಂದುಕೊಳ್ತಾರೇನೋ ಅಂತಾನೂ ಇತ್ತು. ಹಲ್ಲಿನ ವಿಷಯ ಬಯಲಾಗುತ್ತೆ ಅಂತಾನೂ. ಆದ್ರೆ ಇವತ್ತು ಅಷ್ಟು ಜನ ನಗೋವಾಗ ನೀನೊಬ್ಬಳೇ ನಿಂತಿದ್ದೆಯಲ್ಲ... ನಿನ್ನ ಮುಖ ನೋಡೋಕಾಗಲಿಲ್ಲ ನನಗೆ. ನಾಚಿಕೆ ಆದದ್ದು ನಿನ್ನಿಂದ ಅಲ್ಲ ಕಣೇ. ನನ್ನಿಂದ. ಅದಕ್ಕೇ ಒಳಗೆ ಕೇಳಿದಾಗ ನಿಜ ಹೇಳಿಬಿಟ್ಟೆ."

ಅವಳ ಕಣ್ಣು ತುಂಬಿತು. ಆದರೂ ಹೇಳದೆ ಇರಲಾಗಲಿಲ್ಲ.

"ನಾನು ನನ್ನದಲ್ಲ ಅಂದುಬಿಟ್ಟೆ. ಅದರಲ್ಲಿ ನಿಮ್ಮದೂ ಇತ್ತು. ಇನ್ನೊಂದು ಮಾತು... ನೀವು ಹಲ್ಲು ತೆಗೆದಾಗ, ಒಂದು ಗಳಿಗೆ, ನಂಗೂ ನಾಚಿಕೆ ಆಯ್ತು. ಈ ಮುದುಕನ್ನ ನನ್ನ ಗಂಡ ಅನ್ನಬೇಕಲ್ಲ ಅಂತ."

"ಗೊತ್ತಾಯ್ತು. ನೀನು ಮುಖ ಆ ಕಡೆ ತಿರುಗಿಸಿದೆ."

"ಕೋಪಾನಾ?"

"ಬೇಜಾರಾಯ್ತು," ಎಂದ ಅವನು, ಮುಚ್ಚುಮರೆಯಿಲ್ಲದೆ. ಆಮೇಲೆ ನಡುವಿದ್ದ ಪೆಟ್ಟಿಗೆ ಎತ್ತಿ ಕೆಳಗಿಟ್ಟು ಪಕ್ಕಕ್ಕೆ ಸರಿದು ಕುಳಿತ. ಅವಳ ಬೆರಳುಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಮೇಣದ ಬಿಸಿಗೆ ಸುಟ್ಟ ಹಳೆಯ ಕಲೆಗಳಿದ್ದ ಬೆರಳುಗಳು. ಅವಳು ಎಳೆದುಕೊಳ್ಳಲಿಲ್ಲ.

"ಮನೆಯಲ್ಲಿ ನಿಮ್ಮ ಜೊತೆಗಾರರು ಇರ್ತಾರೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ನನ್ನ ಕೆಲಸ ಕೇಳಿದ್ರೆ ಏನು ಹೇಳಲಿ?"

"ಇನ್ನು ನಾನು ಏನೂ ಹೇಳಿಕೊಡಲ್ಲ. ನಿಜ ಹೇಳು."

"ನಿಮ್ಮ ಹಲ್ಲಿನ ವಿಷಯ?"

ಅವನು ರಸ್ತೆಯ ಕಡೆ ನೋಡಿದ. ಕೆನ್ನೆ ಮತ್ತೆ ಕೆಂಪಾಯಿತು.

"ಅದನ್ನ ನಾನೇ ಹೇಳ್ತೀನಿ... ಇವತ್ತೇ ಆಗಲ್ಲ. ಸ್ವಲ್ಪ ದಿನ ಬೇಕು ಕಣೇ."

ಅವಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

"ಎಷ್ಟು ದಿನ ಬೇಕೋ ತಗೊಳ್ಳಿ. ನಾನೇನು ವಾಪಸ್ ಹೋಗ್ತಿಲ್ಲವಲ್ಲ."