ಹೊಲಿಗೆ ಬಿಚ್ಚಿದ ಮದುವೆಯ ಉಡುಪು

"ಬಿಚ್ಚು! ಈಗಿಂದೀಗಲೇ ಬಿಚ್ಚು ಅದನ್ನ!"

ನಾಟಕ ತಂಡದ ಹೊಲಿಗೆ ಕೋಣೆಯ ಬಾಗಿಲಲ್ಲಿ ಅವಳು ಗುಡುಗಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಯಾವ ರೋಗಿಯ ಮೇಲೂ ದನಿ ಏರಿಸಿದವಳಲ್ಲ. ಇವತ್ತು ಡ್ಯೂಟಿ ಬೇಗ ಮುಗಿಯಿತೆಂದು, ಗಂಡನನ್ನು ಊಟಕ್ಕೆ ಕರೆದೊಯ್ಯೋಣವೆಂದು ನಗುನಗುತ್ತಾ ಬಂದಿದ್ದಳು. ಬಂದು ಕಂಡದ್ದೇನು?

ಸ್ಟೂಲಿನ ಮೇಲೆ ನಾಟಕದ ನಾಯಕಿ ನಟಿ. ಅವಳ ಮೈಮೇಲೆ, ಗಂಡನೇ ಹೊಲಿದುಕೊಟ್ಟಿದ್ದ ಇವಳ ಮದುವೆಯ ಉಡುಪು! ಕೆಳಗೆ ಮಂಡಿಯೂರಿ ಅದರ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದವನು ಇವಳ ಗಂಡ, ತಂಡದ ಟೈಲರ್!

"ಮ್ಮ್... ಮ್ಮ್..." ಎಂದ ಅವನು. ಬಾಯ್ತುಂಬ ಗುಂಡುಸೂಜಿ.

"ಏನ್ರೀ ಮ್ಮ್? ಮಾತಾಡೋಕೆ ಬಾಯಿಲ್ವಾ?"

"ಅಕ್ಕಾ, ತಪ್ಪು ತಿಳ್ಕೋಬೇಡಿ," ಎಂದಳು ನಾಯಕಿ. "ನನ್ನ ಉಡುಪು ಇಸ್ತ್ರಿ ಮಾಡುವಾಗ ಸುಟ್ಟೋಯ್ತು. ಸಂಜೆ ನಾಟಕ. ಇವತ್ತೊಂದಿನಕ್ಕೆ ಅಂತ ಅಣ್ಣ ಇದನ್ನ ಕೊಟ್ರು. ನೋಡಿ, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ! ಬಿಚ್ಚಿದ್ರೆ ನನಗೇ ಹೊಲಿದ ಹಾಗಿರುತ್ತೆ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನಾಯಕಿ ಪರದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿ, ಉಡುಪನ್ನು ಮೇಜಿನ ಮೇಲಿಟ್ಟು ಮೆಲ್ಲನೆ ಜಾರಿಕೊಂಡಳು.

ಹೆಂಡತಿ ಉಡುಪನ್ನು ಕೈಗೆತ್ತಿಕೊಂಡಳು. ಹೌದು! ಹೊಲಿಗೆಯ ಒಳಗೆ ಅಂಗೈಯಗಲ ಬಟ್ಟೆ ಮಡಚಿಟ್ಟಿತ್ತು. ನಾಟಕದ ಬಟ್ಟೆಗಳನ್ನು ಹೀಗೇ ಹೊಲಿಯುತ್ತಾರೆ. ಇವತ್ತಿನ ರಾಣಿ ಸಣ್ಣಗಿದ್ದರೆ ನಾಳಿನ ರಾಣಿ ದಪ್ಪಗಿರಬಹುದು, ಎಲ್ಲರಿಗೂ ಆಗಬೇಕು ಎಂದು ಅವನೇ ಒಮ್ಮೆ ಹೇಳಿದ್ದ.

'ಅಂದ್ರೆ ನನ್ನ ಅಳತೆ ತೆಗೆಯುವಾಗಲೇ ನನ್ನ ನಂತರದವಳನ್ನೂ ಯೋಚಿಸಿದ್ನಾ? ನಾನೂ ಇವನಿಗೆ ಬಂದುಹೋಗುವ ಒಬ್ಬ ರಾಣಿನಾ?'

ಅವನು ಸೂಜಿಗಳನ್ನು ಡಬ್ಬಿಗೆ ಉಗುಳಿದ. "ಕೇಳದೆ ತಂದಿದ್ದು ತಪ್ಪು..."

"ತಪ್ಪು ಆಮೇಲೆ! ಇಷ್ಟು ಬಟ್ಟೆ ಯಾರಿಗೋಸ್ಕರ ಬಿಟ್ಟೆ? ಹೇಳು!" ಕೋಪ ನೆತ್ತಿಗೇರಿದರೆ ಅವಳಿಗೆ ಗಂಡನೆಂಬ ಮರ್ಯಾದೆಯೂ ನೆನಪಿರುವುದಿಲ್ಲ.

"ನಿನಗೋಸ್ಕರ ಕಣೇ!"

"ನನಗಾ? ನಾನೇನು ಗುಡಾಣ ಆಗ್ತೀನಿ ಅಂದ್ಕೊಂಡ್ಯಾ?"

"ಆಗು! ದಪ್ಪ ಆಗು, ಬಸುರಿ ಆಗು, ಮುದುಕಿ ಆಗು! ಪ್ರತಿ ವರ್ಷ ನಮ್ಮ ಮದುವೆ ದಿನ ನೀನು ಇದನ್ನ ಹಾಕ್ಕೋಬೇಕು, ನಾನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಸಡಿಲ ಮಾಡ್ಕೊಡ್ಬೇಕು ಅಂತ ಆಸೆ ಇತ್ತು. ನೀನೇನು ಮಾಡಿದೆ? ಮಾರನೇ ದಿನವೇ ಪ್ಲಾಸ್ಟಿಕ್ ಕವರಿಗೆ ತುರುಕಿ ಬೀರು ಮೇಲಿಟ್ಟೆ! ಇನ್ನು ಇದರಿಂದ ಏನಾಗ್ಬೇಕು ಅಂದೆ! ನಾನು ಕಣ್ಣು ಉರಿಯೋವರೆಗೂ ಹೊಲಿದದ್ದು... ನಂಗೂ ಕೋಪ ಬಂತು. ಅದಕ್ಕೇ ಇವತ್ತು ತಂದುಬಿಟ್ಟೆ."

ಅವನು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ.

"ಧೂಳು ಬೀಳಬಾರದು ಅಂತ ಕವರಿಗೆ ಹಾಕಿದ್ದು ಕಣೋ!" ಅವಳು ಕಿರುಚಿದಳು. ಕಣ್ಣು ತುಂಬಿ ಹರಿಯುತ್ತಿತ್ತು. "ಅತ್ತೆ ಎದುರು ನಾಚಿಕೆಯಾಗಿ ಹಾಗಂದೆ. ನೀನು ಮನೇಲಿ ಇಲ್ಲದಾಗ ಇದನ್ನ ಎದೆಗೊತ್ತಿಕೊಂಡು ಕೂರ್ತೀನಿ, ಗೊತ್ತಾ? ನೋಡಿದ್ರೆ ಆಡ್ಕೊಂಡು ನಗ್ತೀಯಾ ಅಂತ ಹೇಳ್ಲಿಲ್ಲ. ನಿನ್ನ ಮೇಲೆ ಅಷ್ಟು ಪ್ರೀತಿ ಇದೆ ಕಣೋ, ದರಿದ್ರ ನನ್ಮಗನೇ!"

ಹೇಳಿ, ಇಂಥವರನ್ನು ಏನನ್ನಬೇಕು! ಒಂದೇ ಸೂರಿನಡಿ ಇದ್ದು, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಅವನು ಕೈ ಚಾಚಿದ. ಅವಳು ಆ ಕೈಯನ್ನು ತಳ್ಳಿದಳು. ಮತ್ತೆ ಚಾಚಿದ. ಈ ಸಲ ತಳ್ಳಲಿಲ್ಲ.

ಹೊರಗಿಂದ ನಾಯಕಿಯ ದನಿ ಬಂತು. "ಅಣ್ಣಾ, ಸಂಜೆಗೆ ನಾನೇನು ಹಾಕ್ಕೊಳ್ಳಲಿ?"

"ಸುಟ್ಟಿದ್ದನ್ನೇ ತಗೊಂಡು ಬಾಮ್ಮಾ!" ಎಂದು ಅವಳು ಕಣ್ಣೊರೆಸಿಕೊಂಡಳು. "ತೇಪೆ ಹಾಕಿಕೊಡ್ತಾರೆ. ನನ್ನದನ್ನ ಮಾತ್ರ ಕೊಡಲ್ಲ."

ಉಡುಪನ್ನು ಮಡಚಿ ಚೀಲಕ್ಕಿಟ್ಟು ಬಾಗಿಲವರೆಗೆ ಹೋದವಳನ್ನು ಅವನು ಅಳುಕುತ್ತಲೇ ಕೇಳಿದ.

"ಕೋಪ ಹೋಯ್ತಾ?"

"ಇಲ್ಲ."

"ಮತ್ತೆ ಯಾವಾಗ ಹೋಗುತ್ತೆ?"

"ಮನೆಗೆ ಬಂದು ಕೇಳಿ. ಇದನ್ನೇ ಹಾಕ್ಕೊಂಡು ಕೂತಿರ್ತೀನಿ."

"ಅಯ್ಯೋ, ಪಕ್ಕದ ಹೊಲಿಗೆ ಪೂರ್ತಿ ಬಿಚ್ಚಿಹೋಗಿದೆಯಲ್ಲೇ?"

ಅವಳು ತಿರುಗಿ ನೋಡಿದಳು. ಕೆನ್ನೆ ಕೆಂಪಾಗಿತ್ತು.

"ಅದಕ್ಕೇ ರೀ... ಬೇಗ ಬನ್ನಿ."